ತೂಕಡಿಕೆಯೋ ಆಯಾಸವೋ: ನಿದ್ದೆಯ ಕಾಯಿಲೆಗಳ ಅಧ್ಯಯನ ಟಿಪ್ಪಣಿ

ಕಾಸರಗೋಡು ಕಡೆಯ ಆಸ್ಪತ್ರೆಯಲ್ಲಿ ಒಂದೇ ದೂರು ಮೂರು ನಾಲ್ಕು ಭಾಷೆಯಲ್ಲಿ ಕಿವಿಗೆ ಬೀಳುತ್ತದೆ. ಬದಿಯಡ್ಕದ ಹವ್ಯಕರ ಅಜ್ಜಿ ‘ಒರಕ್ಕು ಬತ್ತಿಲ್ಲೆ’ ಎನ್ನುತ್ತಾರೆ. ಪಕ್ಕದ ಬೆಂಚಿನವರು ಮಲಯಾಳದಲ್ಲಿ ‘ಉರಕ್ಕಂ ಇಲ್ಲ’ ಎನ್ನುತ್ತಾರೆ. ಮೂರನೆಯವರು ‘ಕ್ಷೀಣ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮೂವರ ಚೀಟಿಯಲ್ಲೂ ‘ನಿದ್ದೆ ಇಲ್ಲ’ ಎಂದು ಬರೆದುಕೊಂಡರೆ ತಪ್ಪು ಅಲ್ಲಿಂದಲೇ ಶುರು.

‘ಕ್ಷೀಣ’ ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳಬೇಕು. ಅದರೊಳಗೆ ಎರಡು ಸಂಗತಿಗಳಿವೆ, ಆಯಾಸ ಮತ್ತು ತೂಕಡಿಕೆ. ಆಯಾಸದವರಿಗೆ ಮೈ ಸೋತಿರುತ್ತದೆ, ಆದರೆ ಮಧ್ಯಾಹ್ನ ಉಂಡು ಚಾಪೆ ಹಾಸಿ ಮಲಗಿದರೂ ಕಣ್ಣು ಹತ್ತುವುದಿಲ್ಲ. ತೂಕಡಿಕೆಯವರಿಗೆ ಬೇಡವೆಂದರೂ ನಿದ್ದೆ ಬರುತ್ತದೆ: ಉಪ್ಪಳದಲ್ಲಿ ಬಸ್ಸು ಹತ್ತಿದವರು ಕುಂಬಳೆ ಬರುವ ಮೊದಲೇ ಪಕ್ಕದವರ ಹೆಗಲಿಗೆ ಒರಗಿರುತ್ತಾರೆ. ಮೊದಲನೆಯದು ಸಾಮಾನ್ಯವಾಗಿ ನಿದ್ರಾಹೀನತೆಯ ಕಡೆ ಬೆರಳು ತೋರಿಸುತ್ತದೆ. ಎರಡನೆಯದು ಉಸಿರು ಕಟ್ಟುವ ಕಾಯಿಲೆ, ಬರೀ ನಿದ್ದೆಗೆಡುವುದು, ಅಪರೂಪಕ್ಕೆ ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದ ನಿದ್ದೆ ತರುವ ನರಗಳ ಕಾಯಿಲೆ), ಇವುಗಳ ಕಡೆ. ಹಾಗಾಗಿ ‘ಎಷ್ಟು ಗಂಟೆ ಮಲಗುತ್ತೀರಿ’ ಎಂದು ಕೇಳುವ ಮೊದಲು ‘ಹಗಲಲ್ಲಿ ಸುಮ್ಮನೆ ಕೂತರೆ ಏನಾಗುತ್ತದೆ’ ಎಂದು ಕೇಳಿ.

ಇದನ್ನು ಅಳೆಯಲು 1991ರಲ್ಲಿ ಮರ್ರೆ ಜಾನ್ಸ್ ರೂಪಿಸಿದ ಎಪ್‌ವರ್ತ್ ಮಾಪಕವಿದೆ. ಓದುವಾಗ, ಟಿವಿ ನೋಡುವಾಗ, ವಾಹನದಲ್ಲಿ ಕೂತಿರುವಾಗ ಹೀಗೆ 8 ಸನ್ನಿವೇಶ. ಪ್ರತಿಯೊಂದರಲ್ಲೂ ತೂಕಡಿಸುವ ಸಾಧ್ಯತೆಗೆ 0ರಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಗಮನಿಸಬೇಕಾದದ್ದು. ಲಾರಿ, ಬಸ್ಸು ಓಡಿಸುವವರು ಕೆಲಸ ಹೋದೀತೆಂದು ಅಂಕ ಇಳಿಸಿ ಹೇಳುವುದು ಸಹಜ. ಹೆಂಡತಿಯನ್ನೋ ಕ್ಲೀನರನ್ನೋ ಬೇರೆಯಾಗಿ ಕೇಳಿ.

ನಿದ್ದೆ ಬರುವ ಬಗೆ

ಎರಡು ಬಲಗಳು ಒಟ್ಟಾದಾಗ ನಿದ್ದೆ ಬರುತ್ತದೆ. 1982ರಲ್ಲಿ ನಿದ್ದೆಯ ಸಂಶೋಧಕ ಬೋರ್ಬೆಲಿ ಮುಂದಿಟ್ಟ ಈ ಮಾದರಿಯನ್ನು ಗಟ್ಟಿಮಾಡಿಕೊಂಡರೆ ಮುಂದಿನ ಚಿಕಿತ್ಸೆಯೆಲ್ಲ ಸುಲಭ. ಒಂದು, ನಿದ್ದೆಯ ಒತ್ತಡ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಎರಡು, ಮೈಯೊಳಗಿನ ಗಡಿಯಾರ. ಅದನ್ನು ಹೊಂದಿಸುವುದು ಬೆಳಕು, ಮುಖ್ಯವಾಗಿ ಬೆಳಗಿನ ಬಿಸಿಲು.

ಕೆಫೀನ್ ಅಡೆನೋಸಿನ್ ಕೂರುವ ಜಾಗವನ್ನು ಹಿಡಿದುಕೊಳ್ಳುತ್ತದೆ ಅಷ್ಟೆ, ಒತ್ತಡವನ್ನು ಕಳೆಯುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಕಟ್ಟನ್ ಚಾಯದ ಕೆಫೀನಿನಲ್ಲಿ ಅರ್ಧ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ‘ಹಾಲು ಹಾಕಿಲ್ಲ, ಬರೀ ಕಟ್ಟನ್’ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ನಿದ್ರಾಹೀನತೆ

ವಾರಕ್ಕೆ ಕನಿಷ್ಠ 3 ರಾತ್ರಿ, 3 ತಿಂಗಳು, ಮಲಗಲು ಅವಕಾಶವಿದ್ದೂ ನಿದ್ದೆ ಬಾರದೆ ಹಗಲಿನ ಕೆಲಸ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ. ‘ಅವಕಾಶವಿದ್ದೂ’ ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ರಾತ್ರಿ 12ಕ್ಕೆ ಮಲಗಿ ಮಂಗಳೂರಿನ ರೈಲು ಹಿಡಿಯಲು 4.30ಕ್ಕೆ ಏಳುವವರಿಗೆ ಈ ಹೆಸರು ಸಲ್ಲದು.

ಮೊದಲ ಚಿಕಿತ್ಸೆ ಮಾತ್ರೆಯಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ನಡವಳಿಕೆಯ ಚಿಕಿತ್ಸೆಯನ್ನು ಮುಂದಿಟ್ಟಿತು. ಅದರ ಎರಡು ಮುಖ್ಯ ಕಂಬಗಳು ಹಾಸಿಗೆಯ ಶಿಸ್ತು ಮತ್ತು ಹಾಸಿಗೆಯ ಹೊತ್ತನ್ನು ಕುಗ್ಗಿಸುವುದು. ಎರಡನೆಯದನ್ನು ಲೆಕ್ಕ ಮಾಡಿ ನೋಡಿದರೇ ಅರ್ಥವಾಗುವುದು.

ಸೀತಾಂಗೋಳಿ ಕಡೆಯ, ಬೀಡಿ ಕಟ್ಟುವ 46ರ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ರಾತ್ರಿ 9ಕ್ಕೆ ಮಲಗುತ್ತಾರೆ, ಬೆಳಿಗ್ಗೆ 5ಕ್ಕೆ ಏಳುತ್ತಾರೆ. ಹಾಸಿಗೆಯಲ್ಲಿ 8 ಗಂಟೆ. ಎರಡು ವಾರ ನಿದ್ದೆಯ ಡೈರಿ ಬರೆಸಿದರೆ ಸರಾಸರಿ ನಿದ್ದೆ 5 ಗಂಟೆ. ನಿದ್ದೆಯ ದಕ್ಷತೆ 5 ಭಾಗಿಸು 8, ಅಂದರೆ ನೂರಕ್ಕೆ 62.5. ಈಗ ಹಾಸಿಗೆಯ ಹೊತ್ತನ್ನು ಐದೂವರೆ ಗಂಟೆಗೆ ಇಳಿಸಿ. ಏಳುವ ಸಮಯವನ್ನು ಮುಟ್ಟಬೇಡಿ, 5 ಎಂದರೆ 5. ಮಲಗುವುದು 11.30ಕ್ಕೆ. ವಾರ ಕಳೆದು ಮತ್ತೆ ಲೆಕ್ಕ ಹಾಕಿ. ಐದೂವರೆಯಲ್ಲಿ 5 ಗಂಟೆ ನಿದ್ದೆ ಬಂದಿದ್ದರೆ ದಕ್ಷತೆ ಸುಮಾರು 91. 85 ದಾಟಿದರೆ 15 ನಿಮಿಷ ಕೊಡಿ, ಮಲಗುವ ಹೊತ್ತು 11.15. 80ಕ್ಕಿಂತ ಕೆಳಗಿದ್ದರೆ 15 ನಿಮಿಷ ಕಡಿಮೆ ಮಾಡಿ. ನಡುವೆ ಇದ್ದರೆ ಹಾಗೇ ಬಿಡಿ. ಯಾವ ಕಾರಣಕ್ಕೂ 5 ಗಂಟೆಗಿಂತ ಕೆಳಗಿಳಿಸಬೇಡಿ.

ಕೆಡುವುದು ಎಲ್ಲಿ? ಹೆಚ್ಚಾಗಿ ರಾತ್ರಿ 8.30ರ ಧಾರಾವಾಹಿಯ ಮುಂದೆ. ಗೋಡೆಗೊರಗಿ ಕೂತಲ್ಲೇ 20 ನಿಮಿಷ ಜೋಂಪು ಹತ್ತಿದರೆ ದಿನವಿಡೀ ಕೂಡಿಟ್ಟ ಒತ್ತಡದಲ್ಲಿ ಒಂದು ಪಾಲು ಹೋಯಿತು, ಸೀಟಿಗೆ ಮೊದಲೇ ಕುಕ್ಕರಿನ ಆವಿ ಬಿಟ್ಟ ಹಾಗೆ. ಆದ್ದರಿಂದ 9ರಿಂದ 11.30ರವರೆಗೆ ಕೈಗೆ ಏನು ಕೆಲಸ ಎಂಬುದನ್ನು ಮೊದಲೇ ಗೊತ್ತುಮಾಡಿ: ಮರುದಿನಕ್ಕೆ ಎಲೆ ಕತ್ತರಿಸಿಡುವುದು, ಬಟ್ಟೆ ಮಡಚುವುದು. ಮೊದಲ ಒಂದೆರಡು ವಾರ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ಇದನ್ನು ಮುಂಚೆ ಹೇಳದಿದ್ದರೆ ನಾಲ್ಕನೇ ದಿನ ಬಿಟ್ಟುಬಿಡುತ್ತಾರೆ.

ಈ ವಿಧಾನ ಎಲ್ಲರಿಗೂ ಅಲ್ಲ. ಅಪಸ್ಮಾರ, ಬೈಪೋಲಾರ್ ಕಾಯಿಲೆ ಇರುವವರಿಗೆ ನಿದ್ದೆ ಕುಗ್ಗಿಸುವುದು ಅಪಾಯ. ವಾಹನ ಓಡಿಸುವವರಿಗೂ ಹಾಗೆಯೇ. ಮಳೆಗೆ ಮುಂಚೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಮರ ಏರುವವರಿಗೆ ಶುರುಮಾಡಲೇಬೇಡಿ. ಆ ಕೆಲಸ ಮುಗಿಯಲಿ.

ಹಾಸಿಗೆಯ ಶಿಸ್ತು ಹೇಳಲು ಸುಲಭ: ನಿದ್ದೆ ಬಂದಾಗಲೇ ಮಲಗುವುದು, ಅಂದಾಜು 20 ನಿಮಿಷ ಬಾರದಿದ್ದರೆ ಎದ್ದುಹೋಗುವುದು, ಹಾಸಿಗೆಯಲ್ಲಿ ಮೊಬೈಲು, ಲೆಕ್ಕಾಚಾರ ಇಲ್ಲ, ಹಗಲು ಮಲಗುವುದಿಲ್ಲ. ಗಡಿಯಾರ ನೋಡಿ 20 ನಿಮಿಷ ಎಣಿಸಬಾರದು, ಎಣಿಸುವುದೇ ಎಚ್ಚರ ತರುತ್ತದೆ. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಚಾಪೆ ಹಾಸುವ ಮನೆಯಲ್ಲಿ ‘ಬೇರೆ ಕೋಣೆಗೆ ಹೋಗಿ’ ಎನ್ನುವುದು ಪುಸ್ತಕದ ಮಾತು. ಜಗಲಿಯಲ್ಲಿ ಒಂದು ಕುರ್ಚಿ, ಸಣ್ಣ ದೀಪ ಸಾಕು.

ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು

ನಿದ್ದೆಗೆ ನುಂಗುವ ಆಲ್ಪ್ರಜೋಲಾಮ್, ಜೋಲ್ಪಿಡೆಮ್ ಎರಡೂ ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ವಿವರವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಆಲ್ಪ್ರಜೋಲಾಮ್‌ನಂಥ ಬೆಂಜೊಡಯಾಜೆಪೀನ್ ಗುಂಪಿನ ಮದ್ದಾದರೆ ಫಿಟ್ಸ್ ಕೂಡ ಬರಬಹುದು. ಇಳಿಸುವುದು ವೈದ್ಯರ ಕೈಯಲ್ಲೇ, ಎರಡು ವಾರಕ್ಕೆ ಕಾಲುಭಾಗ ಎನ್ನುವುದು ಮೇಲಿನ ಮಿತಿ. ಹಲವರಿಗೆ ಇನ್ನೂ ನಿಧಾನ ಬೇಕು. ಜೋಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅವರ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ಮತ್ತೊಂದು, ಗೊರಕೆಯ ಬಗ್ಗೆ ಕೇಳದೆ ಯಾರಿಗೂ ನಿದ್ದೆ ಮಾತ್ರೆ ಸಲ್ಲ. ಏಕೆಂದು ಮುಂದೆ ನೋಡಿ.

ಉಸಿರು ಕಟ್ಟುವ ನಿದ್ದೆ

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಆಮ್ಲಜನಕ ಇಳಿಯುತ್ತದೆ, ಮಿದುಳು ಕೆಲವೇ ಸೆಕೆಂಡು ಎಚ್ಚರಗೊಂಡು ಗಂಟಲನ್ನು ಬಿಗಿ ಮಾಡುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ರೋಗಿಗೆ ನೆನಪೇ ಇರುವುದಿಲ್ಲ. ಆ ಎಚ್ಚರವೇ ರಕ್ಷಕ. ಮದ್ಯ ಮತ್ತು ನಿದ್ದೆ ಮಾತ್ರೆ ಅದನ್ನೇ ಮಂಕಾಗಿಸುತ್ತವೆ, ಸ್ನಾಯುವನ್ನೂ ಸಡಿಲಿಸುತ್ತವೆ.

ಕೇಳಬೇಕಾದ 8 ಪ್ರಶ್ನೆ: ಜೋರು ಗೊರಕೆ (ಮಲಯಾಳದವರಲ್ಲಿ ‘ಕೂರ್ಕಂವಲಿ’ ಎಂದೇ ಕೇಳಿ), ಹಗಲು ತೂಕಡಿಕೆ, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿದ್ದು, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೀರಿದ್ದು, ಗಂಡಸು. ಇದೇ ಸ್ಟಾಪ್-ಬ್ಯಾಂಗ್ ಎಂಬ ಪ್ರಶ್ನಾವಳಿ. 3 ಹೌದು ಎಂದರೆ ಸಂಶಯ, 5 ಅಥವಾ ಹೆಚ್ಚಾದರೆ ಬಲವಾದ ಸಂಶಯ. ಆದರೆ ದವಡೆ ಸಣ್ಣದಿದ್ದರೆ ತೆಳ್ಳಗಿನವರಿಗೂ ಈ ಕಾಯಿಲೆ ಬರುತ್ತದೆ. ಹೆಂಗಸರು ಗೊರಕೆಯನ್ನು ಹೇಳದೆ ಬೆಳಗಿನ ತಲೆನೋವು, ಸುಸ್ತು ಎನ್ನುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವವರಲ್ಲಿ ಸಕ್ಕರೆ, ಪ್ರಾಸ್ಟೇಟ್ ಎರಡೂ ಸರಿಯಿದ್ದರೆ ಇದನ್ನು ನೆನೆಯಿರಿ.

ನಿದ್ದೆಯ ಪರೀಕ್ಷೆಗೆ ಮಂಗಳೂರಿಗೋ ಕಣ್ಣೂರಿಗೋ ಹೋಗಿ ಬಂದವರ ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. 6 ಗಂಟೆಯ ನಿದ್ದೆಯಲ್ಲಿ 132 ಸಲ ಎಂದರೆ 22. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಮೇಲೆ ತೀವ್ರ. ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಮಿದುಳಿನ ಅಲೆ ಅಳೆಯದ ಯಂತ್ರ ನಿದ್ದೆಯ ಗಂಟೆಯಿಂದಲ್ಲ, ರೆಕಾರ್ಡಿಂಗ್ ಗಂಟೆಯಿಂದ ಭಾಗಿಸುತ್ತದೆ. ರೋಗಿ ಅರ್ಧರಾತ್ರಿ ಎಚ್ಚರವಿದ್ದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಲಕ್ಷಣ ಜೋರಾಗಿದ್ದು ವರದಿ ಸರಿಯಿದೆ ಎಂದು ಬಂದರೆ ಲ್ಯಾಬಿನಲ್ಲೇ ಮಾಡಿಸಬೇಕು.

ಮಧ್ಯಮ, ತೀವ್ರ ಕಾಯಿಲೆಗೆ ಮುಖ್ಯ ಮದ್ದು ಸಿಪ್ಯಾಪ್ ಯಂತ್ರ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ತೋರಿಸಿಕೊಟ್ಟದ್ದು. ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆ, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡ. ಯಂತ್ರ ಕೊಂಡು ಅಟ್ಟಕ್ಕೆ ಹಾಕುವವರು ಬಹಳ, ಕಾರಣ ಬಹುತೇಕ ಮಾಸ್ಕ್. ಸೋರಿದರೆ ಪಟ್ಟಿ ಬಿಗಿಯುವುದು ಎಲ್ಲರ ಮೊದಲ ತಪ್ಪು: ಬಿಗಿದಷ್ಟೂ ಅಂಚು ಸುಕ್ಕಾಗಿ ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಮಲಗಿಕೊಂಡೇ, ಯಂತ್ರ ಚಾಲೂ ಮಾಡಿ, ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಬೇಕು. ಮುಖದ ಎಣ್ಣೆ ತೊಳೆದಿರಬೇಕು. ನಮ್ಮಲ್ಲಿ ರಾತ್ರಿ ತಲೆಗೆ ತೆಂಗಿನೆಣ್ಣೆ ಹಚ್ಚಿ ಮಲಗುವ ರೂಢಿಯಿದೆ, ಸಿಲಿಕೋನ್ ಅಂಚು ಅದರಲ್ಲಿ ಜಾರುತ್ತದೆ. ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಗುಡ್ಡ ಕೊರೆದು ತೆಗೆದ ಸುರಂಗದ ನೀರು ಕುಡಿಯಲು ಎಷ್ಟು ಚೆನ್ನಾಗಿದ್ದರೂ ತೊಟ್ಟಿಗೆ ಬೇಡ. ಮಿಕ್ಕ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲಿ ಒಣಗಿಸಬೇಕು, ಮಳೆಗಾಲದ ಆಟಿ ತಿಂಗಳಲ್ಲಿ ಬೂಸ್ಟು ಹಿಡಿಯಲು ತಡವಿಲ್ಲ. ಕೊಳವೆಯಲ್ಲಿ ನೀರು ಕಟ್ಟಿ ಗುಳುಗುಳು ಎಂದರೆ ತೇವಾಂಶದ ಸೆಟ್ಟಿಂಗ್ ಒಂದು ಹಂತ ಇಳಿಸಿ. ಕರೆಂಟು ಹೋಗುವ ಕಾಲದಲ್ಲಿ ಹೀಟರ್ ಆರಿಸಿದರೆ ಇನ್ವರ್ಟರ್ ಹೆಚ್ಚು ಹೊತ್ತು ಬರುತ್ತದೆ.

ತೂಕ ಇಳಿಸುವುದು, ಅಂಗಾತ ಬಿಟ್ಟು ಮಗ್ಗುಲಾಗಿ ಮಲಗುವುದು, ಸೌಮ್ಯ ಕಾಯಿಲೆಗೆ ದವಡೆ ಮುಂದೆ ಹಿಡಿಯುವ ಹಲ್ಲಿನ ಸಾಧನ, ಇವೂ ಇವೆ.

ಕಾಲಿನ ಚಡಪಡಿಕೆ

ನಾಲ್ಕು ಗುರುತು: ಕಾಲು ಆಡಿಸಲೇಬೇಕೆನ್ನುವ ತಹತಹ, ಸುಮ್ಮನಿದ್ದಾಗ ಹೆಚ್ಚು, ನಡೆದಾಡಿದರೆ ಕಡಿಮೆ, ಸಂಜೆ ರಾತ್ರಿಗೆ ಜೋರು. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೊಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 75ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡುತ್ತಾರೆ, 3 ತಿಂಗಳ ನಂತರ ಮತ್ತೆ ನೋಡುತ್ತಾರೆ. ಜ್ವರ, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಮಾತ್ರೆಯನ್ನು ಲಿಂಬೆ ಶರಬತ್ತಿನೊಂದಿಗೆ ನುಂಗಿ, ಚಹಾಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ವಾಂತಿಯ ಮೆಟೋಕ್ಲೋಪ್ರಮೈಡ್, ತೂಕಡಿಕೆ ತರುವ ನೆಗಡಿ ಮಾತ್ರೆಗಳು, ಕೆಲವು ಖಿನ್ನತೆಯ ಮದ್ದುಗಳು ಈ ತಹತಹವನ್ನು ಹೆಚ್ಚಿಸುತ್ತವೆ.

ರಾತ್ರಿ ಕೆಲಸದವರು

ದೀಪಾವಳಿ ಕಳೆದು ಹೊರಟ, ರಾತ್ರಿಯಿಡೀ ಆಡುವ ಯಕ್ಷಗಾನ ಬಯಲಾಟದ ಮೇಳ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವವರೆಗೆ ಕಲಾವಿದರ ಹಗಲು ರಾತ್ರಿ ಅದಲುಬದಲು. ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನರ್ಸುಗಳ ಪಾಡೂ ಅದೇ. ಇಲ್ಲಿ ಗಡಿಯಾರ ಪೂರ್ತಿ ತಿರುಗುವುದಿಲ್ಲ, ಆದ್ದರಿಂದ ಹಗಲಿನ ನಿದ್ದೆಯನ್ನು ಕಾಪಾಡುವುದೇ ಚಿಕಿತ್ಸೆ. ಪ್ರತಿದಿನ ಒಂದೇ ಹೊತ್ತಿಗೆ, ಉದಾಹರಣೆಗೆ 7.30ರಿಂದ 12.30ಕ್ಕೆ, ಮುಖ್ಯ ನಿದ್ದೆ. ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಹೋಗುವ ಮೊದಲು ಒಂದೂವರೆ ಗಂಟೆ ಇನ್ನೊಂದು. ಕೋಣೆ ಕತ್ತಲಾಗಬೇಕು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದವರು ಮಾಡಿನ ಗಾಜಿನ ಹೆಂಚನ್ನು ಮರೆಯುತ್ತಾರೆ. 10 ಗಂಟೆಯ ಬಿಸಿಲಿನ ಕೋಲು ನೇರ ಮುಖಕ್ಕೆ ಬೀಳುತ್ತದೆ. ಅದಕ್ಕೊಂದು ರಟ್ಟು ಮುಚ್ಚಿ.

ನಸುಕಿನ 3ರಿಂದ 5 ಎಚ್ಚರ ಅತಿ ತಗ್ಗಿರುವ ಹೊತ್ತು. ಆಟ ಮುಗಿಸಿ ಬೈಕಿನಲ್ಲಿ ಹೊರಡುವ ಪ್ರೇಕ್ಷಕರಿಗೂ ಇದು ಅನ್ವಯ. ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಫೀನ್ ಹತ್ತಿರುತ್ತದೆ. ಮುಖಕ್ಕೆ ನೀರು ಚಿಮುಕಿಸುವುದು ಕೆಲವು ನಿಮಿಷದ ಆಟ.

ವಿಚಿತ್ರ ರಾತ್ರಿಗಳು

ಎಚ್ಚರವಾಗಿದ್ದೂ ಮೈ ಅಲ್ಲಾಡದೆ ಎದೆಯ ಮೇಲೆ ಯಾರೋ ಕೂತಂತಾದರೆ ‘ಕುಲೆ’ಯ (ಪ್ರೇತದ) ಉಪದ್ರ ಎನ್ನುವವರಿದ್ದಾರೆ. ಕನಸಿನ ನಿದ್ದೆಯಲ್ಲಿ ಮೈ ಸಹಜವಾಗಿಯೇ ಕಟ್ಟಿಹೋಗಿರುತ್ತದೆ; ಎಚ್ಚರ ಮೊದಲು ಬಂದು ಕಟ್ಟು ಬಿಚ್ಚಲು ಒಂದೆರಡು ನಿಮಿಷ ತಡವಾದದ್ದು ಅಷ್ಟೆ. ಹಗಲಿನ ತಡೆಯಲಾಗದ ನಿದ್ದೆ, ನಕ್ಕಾಗ ಮೊಣಕಾಲು ಕುಸಿಯುವುದು ಜೊತೆಗಿದ್ದರೆ ಮಾತ್ರ ನಾರ್ಕೊಲೆಪ್ಸಿಗೆ ಪರೀಕ್ಷೆ ಬೇಕು.

ನಿದ್ದೆಯಲ್ಲಿ ನಡೆಯುವ ಮಕ್ಕಳು ರಾತ್ರಿಯ ಮೊದಲ ಮೂರನೇ ಭಾಗದಲ್ಲಿ, ಗಾಢ ನಿದ್ದೆಯಿಂದ ಏಳುತ್ತಾರೆ. ಬಲವಂತವಾಗಿ ಎಬ್ಬಿಸಬೇಡಿ, ಕೈಹಿಡಿದು ಹಾಸಿಗೆಗೆ ಕರೆತನ್ನಿ, ಬಾವಿಕಟ್ಟೆಯ ಕಡೆಯ ಬಾಗಿಲಿಗೆ ಮೇಲೆ ಚಿಲಕ ಹಾಕಿ. ಆದರೆ 50 ದಾಟಿದವರು ರಾತ್ರಿಯ ಕೊನೆಯ ಜಾವದಲ್ಲಿ ಕೂಗಿ, ಒದ್ದು, ಕಂಡ ಕನಸನ್ನು ಆಮೇಲೆ ವಿವರಿಸಿದರೆ ಅದು ಬೇರೆ. ಕನಸಿನ ಹೊತ್ತಿನಲ್ಲಿ ಇರಬೇಕಾದ ಕಟ್ಟು ಅವರಲ್ಲಿ ತಪ್ಪಿದೆ. ಇಂಥವರಲ್ಲಿ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಕಾಣಿಸಿಕೊಳ್ಳುವುದರಿಂದ ನರರೋಗ ತಜ್ಞರಿಗೆ ಕಳಿಸಬೇಕು. ಹಾಸಿಗೆಯನ್ನು ನೆಲಕ್ಕಿಳಿಸಿ, ಪಕ್ಕದ ಮೇಜು, ಕತ್ತಿ, ಗಾಜು ತೆಗೆಸಿ. ಮನೆಯವರು ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವೀಡಿಯೊವನ್ನು, ಗಂಟೆ ಎಷ್ಟಾಗಿತ್ತು ಎಂದು ಬರೆದು, ಚೀಟಿಯೊಂದಿಗೆ ಕಳಿಸಿಕೊಡಿ.