ಚೀನಾ ಬಂದರು ಕಟ್ಟಿಕೊಡುತ್ತೇನೆ ಅಂದರೆ ನೆರೆಯವರು ಯಾಕೆ ಒಪ್ಪುತ್ತಾರೆ?

ಸುರತ್ಕಲ್‌ನ ಓದುಗರೊಬ್ಬರ ಪ್ರಶ್ನೆ: "ಹಂಬನ್‌ತೋಟದ ಗತಿ ಕಂಡ ಮೇಲೂ ಚಿಕ್ಕ ದೇಶಗಳು ಚೀನಾದ ಸಾಲಕ್ಕೆ ಯಾಕೆ ಬೀಳುತ್ತವೆ? ಭಾರತಕ್ಕೆ ತಡೆಯಲಾಗದೇ?"

ಮೊದಲು ಹಂಬನ್‌ತೋಟದ ಮಾತು. ಸಾಲ ತೀರಿಸಲಾಗದೆ ಶ್ರೀಲಂಕಾ ಬಂದರನ್ನೇ ಚೀನಾಕ್ಕೆ ಬರೆದುಕೊಟ್ಟಿತು ಎಂದು ಹೆಚ್ಚಿನವರು ನಂಬಿದ್ದಾರೆ. ನಡೆದದ್ದೇ ಬೇರೆ. 2017ರಲ್ಲಿ ಚೀನೀ ಕಂಪನಿಯೊಂದಕ್ಕೆ 99 ವರ್ಷದ ಗುತ್ತಿಗೆ ಕೊಟ್ಟು, ಲಂಕಾ ಸುಮಾರು 112 ಕೋಟಿ ಡಾಲರ್ ಪಡೆಯಿತು. ಅದರಿಂದ ಬಂದರಿನ ಸಾಲ ಮನ್ನಾ ಆಗಲಿಲ್ಲ. ವಿದೇಶಿ ವಿನಿಮಯ ಬರಿದಾಗುತ್ತಿದ್ದ ದೇಶಕ್ಕೆ ಆ ಡಾಲರ್ ಬೇಕಿತ್ತು, ಅಷ್ಟೇ. ಆಗ ಅದರ ಕುತ್ತಿಗೆಗೆ ಬಂದಿದ್ದದ್ದು ಮುಖ್ಯವಾಗಿ ಚೀನಾದ ಸಾಲವಲ್ಲ, ವಿದೇಶಿ ಹೂಡಿಕೆದಾರರಿಂದ ಎತ್ತಿದ ಅಂತರರಾಷ್ಟ್ರೀಯ ಬಾಂಡ್ ಸಾಲ.

ಅದನ್ನು ನೋಡಿದವರು ಚೌಕಾಸಿಗೆ ಇಳಿದರು. ಮಲೇಷ್ಯಾದಲ್ಲಿ 2018ರಲ್ಲಿ ಅಧಿಕಾರಕ್ಕೆ ಬಂದ ಪ್ರಧಾನಿ ಮಹಾತಿರ್, ಚೀನಾ ಕಟ್ಟುತ್ತಿದ್ದ ಪೂರ್ವ ಕರಾವಳಿ ರೈಲು ಯೋಜನೆಯನ್ನು ನಿಲ್ಲಿಸಿ, ಮರುವರ್ಷ 6,550 ಕೋಟಿ ರಿಂಗಿಟ್ ವೆಚ್ಚವನ್ನು 4,400 ಕೋಟಿಗೆ ಇಳಿಸಿಕೊಂಡರು. ಮ್ಯಾನ್ಮಾರ್, ಚೀನಾ ಕಟ್ಟಬೇಕಿದ್ದ ಕ್ಯಾಕ್‌ಫ್ಯೂ ಬಂದರಿನ ಗಾತ್ರವನ್ನೇ ಕುಗ್ಗಿಸಿತು. ದೇಶದೇಶಗಳಲ್ಲಿ ಬಂದರು, ರಸ್ತೆ, ರೈಲು ಕಟ್ಟುವ ಚೀನಾದ 'ಬೆಲ್ಟ್ ಅಂಡ್ ರೋಡ್' ಯೋಜನೆಗೆ 2019ರಲ್ಲಿ ಸೇರಿದ ಇಟಲಿ 2023ರಲ್ಲಿ ಹೊರಬಂತು.

ಭಾರತ ಈ ಯೋಜನೆಯ 2017ರ ಬೀಜಿಂಗ್ ಸಭೆಗೇ ಹೋಗಲಿಲ್ಲ. ಅದರ ಭಾಗವಾದ ಚೀನಾ–ಪಾಕ್ ಕಾರಿಡಾರ್ ಪಾಕ್ ಆಕ್ರಮಿತ ಕಾಶ್ಮೀರದ ಮೂಲಕ ಹಾಯುತ್ತದೆ. ಅದನ್ನು ಒಪ್ಪುವ ಪ್ರಶ್ನೆಯೇ ಇರಲಿಲ್ಲ. ಸರಿಯಾದ ನಿಲುವು. ಆದರೆ ನಾವು ಬೇಡ ಅಂದಷ್ಟಕ್ಕೆ ನೆರೆಯವರಿಗೆ ಬಂದರು ಸಿಗುವುದಿಲ್ಲ. ಕೊಲಂಬೊದ ಪೂರ್ವ ಟರ್ಮಿನಲ್‌ಗೆ 2019ರಲ್ಲಿ ಭಾರತ, ಜಪಾನ್ ಜೊತೆ ಒಪ್ಪಂದವಾಗಿತ್ತು. ಕಾರ್ಮಿಕ ಸಂಘಗಳು ತಿರುಗಿಬಿದ್ದವು, 2021ರಲ್ಲಿ ಲಂಕಾ ಅದನ್ನು ರದ್ದು ಮಾಡಿತು. ಬದಲಿಗೆ ಪಶ್ಚಿಮ ಟರ್ಮಿನಲ್ ಅದಾನಿ ಪಾಲುದಾರಿಕೆಗೆ ಬಂತು. ಅದು ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅದೇ ಬಂದರಿನಲ್ಲಿ ಚೀನೀ ಕಂಪನಿಗೆ ಶೇ. 85 ಪಾಲಿರುವ ಟರ್ಮಿನಲ್ 2013ರಿಂದ ದುಡಿಯುತ್ತಿತ್ತು.

ಇದು ನಮಗೆ ದೂರದ ಸಂಗತಿಯಲ್ಲ. ಪಣಂಬೂರಿನಿಂದ ಕಾಫಿ, ಗೇರುಬೀಜದ ಕಂಟೇನರ್ ಹೊತ್ತ ಸಣ್ಣ ಫೀಡರ್ ಹಡಗು ಕೊಲಂಬೊಗೆ ಹೋದರೆ, ಅಲ್ಲಿ ಕ್ರೇನ್ ಆ ಪೆಟ್ಟಿಗೆಯನ್ನೆತ್ತಿ ಯುರೋಪಿಗೆ ಹೊರಟ ಮದರ್ ಶಿಪ್‌ಗೆ ಇಡುತ್ತದೆ. ಹೀಗೆ ಹಡಗು ಬದಲಿಸುವ ಭಾರತದ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲು ವಿದೇಶಿ ಬಂದರುಗಳನ್ನೇ ನೆಚ್ಚಿಕೊಂಡಿತ್ತು. ಹಾಗಾಗಿ ನನ್ನ ಮಟ್ಟಿಗೆ, ಚೀನಾಕ್ಕೆ ಭಾರತ ಕೊಟ್ಟ ಗಟ್ಟಿ ಉತ್ತರಗಳಲ್ಲಿ ಒಂದು ಕೇರಳದ ವಿಳಿಂಜಂ ಬಂದರು. 2025ರ ಮೇ ತಿಂಗಳಲ್ಲಿ ಲೋಕಾರ್ಪಣೆಯಾದ ಆ ಬಂದರಿಗೆ ದೊಡ್ಡ ಮದರ್ ಶಿಪ್‌ಗಳು ನೇರವಾಗಿ ಬರುತ್ತಿವೆ. ಪಣಂಬೂರಿನ ರಫ್ತುದಾರರು ಇನ್ನು ಕೇಳಬೇಕಾದದ್ದು ಅಲ್ಲಿಗೆ ತಪ್ಪದೆ ಓಡುವ ಫೀಡರ್ ಸೇವೆಯನ್ನು.