ಪರಿಸರ ಪಾಠದಲ್ಲಿ ಪೂರ್ತಿ ಅಂಕ ಬಂದರೂ ಕಸ ಬೀದಿಗೇ ಬೀಳುತ್ತೆ, ಯಾಕೆ?

ಪ್ರಶ್ನೆ: ಮಕ್ಕಳು ಶಾಲೆಯಲ್ಲಿ ಪೌರನೀತಿ ಓದುತ್ತಾರೆ, ಪರಿಸರದ ಪಾಠವನ್ನೂ ಓದುತ್ತಾರೆ. ಅಂಕಗಳೂ ಚೆನ್ನಾಗಿ ಬರುತ್ತವೆ. ಆದರೆ ಓದಿದ್ದು ನಡವಳಿಕೆಯಲ್ಲಿ ಕಾಣುವುದೇ ಇಲ್ಲ. ಈ ಪಾಠಗಳಿಂದ ನಿಜವಾಗಿ ಜವಾಬ್ದಾರಿಯುಳ್ಳ ನಾಗರಿಕರು ತಯಾರಾಗುತ್ತಾರಾ?

ಉತ್ತರ: ತಯಾರಾಗುತ್ತಾರೆ. ಆದರೆ ಬರೀ ಓದಿಸಿದರೆ ಆಗುವುದಿಲ್ಲ. ಒಂದು ನಿಜವಾದ ಸಮಸ್ಯೆಯನ್ನು ಮಕ್ಕಳ ಕೈಗೆ ಕೊಡಬೇಕು, ಅದು ಬಗೆಹರಿಯುವವರೆಗೂ ಅವರ ಜೊತೆಗಿರಬೇಕು. ಹೆಚ್ಚಿನ ಕಡೆ ಬಿಟ್ಟುಹೋಗುವುದು ಇದೇ.

ಪೌರನೀತಿ ಅಂದರೆ ಬಹಳ ಕಾಲ ಸರ್ಕಾರದ ಪರಿಚಯ ಅಷ್ಟೇ ಆಗಿತ್ತು. ಕಾನೂನು ಯಾರು ಮಾಡುತ್ತಾರೆ, ನ್ಯಾಯಾಲಯದ ಕೆಲಸ ಏನು, ನಾಗರಿಕರ ಹಕ್ಕು ಯಾವುವು, ಕರ್ತವ್ಯ ಯಾವುವು. ಪರಿಸರ ಅದರೊಳಗೆ ಬಂದದ್ದು ತೀರ ಈಚೆಗೆ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ಪರಿಸರ ಶಿಕ್ಷಣ ಬೇಕು ಎಂಬ ಮಾತು ಅಲ್ಲಿಂದ ಜೋರಾಯಿತು. 1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಯುನೆಸ್ಕೊ ನಡೆಸಿದ ಸಮ್ಮೇಳನ ಈ ಶಿಕ್ಷಣಕ್ಕೆ ಐದು ಗುರಿ ಹಾಕಿಕೊಟ್ಟಿತು: ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ.

ಈ ಐದನ್ನು ಇನ್ನೊಮ್ಮೆ ಓದಿ. ನಮ್ಮ ಪರೀಕ್ಷೆಗಳು ಅಳೆಯುವುದು ಮೊದಲ ಎರಡನ್ನು ಮಾತ್ರ. ಉಳಿದ ಮೂರಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಜಾಗ ಇಲ್ಲ. ಹಾಗಾಗಿ ತರಗತಿಯಲ್ಲೂ ಅವಕ್ಕೆ ಸಮಯ ಸಿಗುವುದಿಲ್ಲ. ಮಗುವಿಗೆ ಗೊತ್ತಿಲ್ಲ ಅಂತಲ್ಲ, ಮಾಡಿ ಅಭ್ಯಾಸ ಇಲ್ಲ.

ಮಾಡುವುದು ಅಂದರೆ ಹೇಗಿರುತ್ತೆ? ಶಾಲೆಯಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿದೆ ಅಂದುಕೊಳ್ಳಿ. ‘ನೀರನ್ನು ಮಿತವಾಗಿ ಬಳಸಿ’ ಎಂಬ ಫಲಕ ಅದರ ಮೇಲೇ ಇದೆ. ಮಕ್ಕಳು ನಲ್ಲಿಯ ಕೆಳಗೆ 200 ಮಿಲಿಲೀಟರಿನ ಲೋಟ ಇಡುತ್ತಾರೆ, ಗಡಿಯಾರ ನೋಡುತ್ತಾರೆ. 10 ನಿಮಿಷಕ್ಕೆ ಲೋಟ ತುಂಬಿತು ಅಂದರೆ ಗಂಟೆಗೆ 1.2 ಲೀಟರ್, ದಿನಕ್ಕೆ ಸುಮಾರು 29 ಲೀಟರ್. ಸುಮ್ನೆ ತೊಟ್ಟಿಕ್ಕುವ ನಲ್ಲಿ, ಅಷ್ಟೊಂದು ನೀರು!

ಲೆಕ್ಕ ಸುಲಭ. ಇದನ್ನು ಯಾರಿಗೆ ಹೇಳಬೇಕು ಎಂಬುದು ಕಷ್ಟದ ಪ್ರಶ್ನೆ. ರಿಪೇರಿ ಮಾಡಿಸುವವರು ಯಾರು? ದುಡ್ಡು ಯಾರ ಹತ್ತಿರ ಇದೆ? ಮಕ್ಕಳು ವಿಚಾರಿಸಿ, ಪತ್ರ ಬರೆಯುತ್ತಾರೆ. ‘ನೀರು ಪೋಲಾಗುತ್ತಿದೆ, ದಯವಿಟ್ಟು ಗಮನಿಸಿ’ ಅಂತ ಒಬ್ಬಳು ಬರೆದರೆ, ಎಷ್ಟು ಲೀಟರ್, ಯಾವತ್ತಿನಿಂದ ಅಂತ ಸೇರಿಸು ಎನ್ನುತ್ತಾನೆ ಇನ್ನೊಬ್ಬ. ವಾರವಾದರೂ ಉತ್ತರ ಬರುವುದಿಲ್ಲ. ನನ್ನ ಪ್ರಕಾರ ಪೌರನೀತಿಯ ಪಾಠ ಶುರುವಾಗುವುದೇ ಇಲ್ಲಿ. ಸಿಟ್ಟಾಗದೆ, ಬಿಟ್ಟೂ ಬಿಡದೆ ಇನ್ನೊಮ್ಮೆ ಕೇಳಬೇಕು. ಅಷ್ಟರಲ್ಲಿ ಇನ್ನೊಂದು ಪೈಪು ಇದಕ್ಕಿಂತ ಜಾಸ್ತಿ ಸೋರುತ್ತಿದೆ ಅಂತ ಗೊತ್ತಾಗುತ್ತೆ. ದುಡ್ಡು ಒಂದಕ್ಕೆ ಮಾತ್ರ ಸಾಕಾಗುತ್ತೆ. ಯಾವುದು ಮೊದಲು? ವಾದ ಮಾಡುತ್ತಾರೆ, ಕೈ ಎತ್ತಿ ತೀರ್ಮಾನಿಸುತ್ತಾರೆ. ಸೋತವರು ಮುಖ ಊದಿಸಿಕೊಂಡರೂ ಒಪ್ಪಿಕೊಳ್ಳುತ್ತಾರೆ. ವಾಷರ್ ಬದಲಾದ ಮೇಲೆ ಮತ್ತೆ ಲೋಟ ಇಟ್ಟು ನೋಡುತ್ತಾರೆ.

ಅಳೆಯುವುದು, ವಿಚಾರಿಸುವುದು, ಒಪ್ಪಿಸುವುದು, ಕಾಯುವುದು, ಮತ್ತೆ ಪರಿಶೀಲಿಸುವುದು. ಒಂದು ನಲ್ಲಿಯಲ್ಲಿ ಇಷ್ಟು ಕಲಿತ ಮಗು ನಾಳೆ ಹೊಳೆಗೆ ಬೀಳುವ ಕೊಳಚೆ ಕಂಡಾಗ ಎಲ್ಲಿಂದ ಶುರುಮಾಡಬೇಕು ಅಂತ ತಡಕಾಡುವುದಿಲ್ಲ.

ಈ ‘ಕೇಳುವ’ ಭಾಗ ಇಲ್ಲದ ಪರಿಸರ ಪಾಠ ನನಗೆ ಅರೆಬರೆ ಅನಿಸುತ್ತೆ. ಪ್ಲಾಸ್ಟಿಕ್ ಬಳಸಬೇಡಿ, ದೀಪ ಆರಿಸಿ, ಗಿಡ ನೆಡಿ. ಎಲ್ಲವೂ ಬೇಕಾದದ್ದೇ. ಆದರೆ ಕಾರ್ಖಾನೆಯ ಹೊಗೆ, ನಗರದ ಕಸ ವಿಲೇವಾರಿ, ಬಸ್ಸು ಎಷ್ಟು ಓಡಬೇಕು ಎನ್ನುವುದು ಒಬ್ಬರ ಮನೆಯ ಅಭ್ಯಾಸದಿಂದ ತೀರ್ಮಾನ ಆಗುವುದಿಲ್ಲ. 1992ರಲ್ಲಿ ಬ್ರೆಜಿಲಿನ ರಿಯೊದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನ ಹೊರಡಿಸಿದ ರಿಯೊ ಘೋಷಣೆಯ 10ನೇ ತತ್ವ ಇದನ್ನೇ ಹೇಳುತ್ತದೆ: ಜನರಿಗೆ ಪರಿಸರದ ಮಾಹಿತಿ ಸಿಗಬೇಕು, ತೀರ್ಮಾನ ಆಗುವಾಗ ಅವರ ಮಾತಿಗೆ ಅವಕಾಶ ಇರಬೇಕು, ಅನ್ಯಾಯವಾದರೆ ನ್ಯಾಯ ಕೇಳುವ ದಾರಿ ಇರಬೇಕು. 1998ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಸಹಿಯಾದ ಒಪ್ಪಂದ, ಅದಕ್ಕೆ ಸೇರಿದ ದೇಶಗಳಲ್ಲಿ ಈ ಮೂರಕ್ಕೂ ಹಕ್ಕಿನ ಬಲ ಕೊಟ್ಟಿತು. ಹಕ್ಕು ಬಂದರೆ ಸಾಲದು, ಅದನ್ನು ಬಳಸಲು ಗೊತ್ತಿರಬೇಕು, ಅಲ್ವಾ? ಅದನ್ನು ಕಲಿಸಬೇಕಾದದ್ದು ಶಾಲೆ.

ಕೆಲವು ದೇಶಗಳು ಪಠ್ಯದಲ್ಲೂ ಪೌರನೀತಿ, ಪರಿಸರ ಎರಡನ್ನೂ ಬೆಸೆದಿವೆ. ಇಟಲಿಯ 2019ರ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 33 ಗಂಟೆ ಪೌರ ಶಿಕ್ಷಣ ಇರಬೇಕು. ಸಂವಿಧಾನ, ಸುಸ್ಥಿರ ಅಭಿವೃದ್ಧಿ, ಡಿಜಿಟಲ್ ಲೋಕದ ನಡವಳಿಕೆ ಮೂರೂ ಅದರಲ್ಲಿ ಸೇರಿವೆ. ಒಬ್ಬರ ತಲೆಗೆ ಕಟ್ಟದೆ, ಬೇರೆ ಬೇರೆ ವಿಷಯದ ಶಿಕ್ಷಕರು ಇದನ್ನು ಹಂಚಿಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ಈ ಹಂಚಿಕೆ. ಆ ನಲ್ಲಿಯನ್ನೇ ನೋಡಿ: ಅದರಲ್ಲಿ ಗಣಿತ, ಭಾಷೆ, ವಿಜ್ಞಾನ ಎಲ್ಲವೂ ಇದೆ.

ಒಂದು ಎಚ್ಚರಿಕೆ. ಮಕ್ಕಳ ಕೈಗೆ ಫಲಕ ಕೊಟ್ಟು ಮೆರವಣಿಗೆ ಮಾಡಿಸಿದರೆ ಅದು ಪಾಲ್ಗೊಳ್ಳುವಿಕೆ ಅಲ್ಲ. ಮಕ್ಕಳ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗಾಗಿ ಬರೆದಾಗ, ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು ಅದರ ಕೆಳಗಿನ ಮೆಟ್ಟಿಲುಗಳು. ಅವನ್ನು ಅವರು ಪಾಲ್ಗೊಳ್ಳುವಿಕೆಯ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಮ್ಮ ಮಗುವಿನ ಶಾಲೆಯ ಪರಿಸರ ದಿನಾಚರಣೆ ಯಾವ ಮೆಟ್ಟಿಲಲ್ಲಿದೆ ಅಂತ ತಿಳಿಯಬೇಕಾ? ಅದರಲ್ಲಿ ಒಂದಾದರೂ ವಿಷಯವನ್ನು ಮಕ್ಕಳೇ ತೀರ್ಮಾನಿಸಿದರಾ ಅಂತ ಕೇಳಿ.

ಇನ್ನು ಮನೆಯಲ್ಲಿ. ಕಸ ಬೀದಿಗೆ ಎಸೆದ ಮಗುವನ್ನು ಗದರಿಸಿದರೆ ಅದು ನಿಮ್ಮ ಕಣ್ಣೆದುರು ಎಸೆಯುವುದನ್ನು ಬಿಡಬಹುದು, ಅಷ್ಟೇ. ಅದರ ಬದಲು ಒಂದು ವಾರದ ಮನೆಯ ಕಸವನ್ನು ಮಗುವಿನಿಂದಲೇ ಬೇರ್ಪಡಿಸಿ ತೂಗಿಸಿ. ಅದು ಎಲ್ಲಿಗೆ ಹೋಗುತ್ತೆ ಅಂತ ಒಯ್ಯಲು ಬರುವವರನ್ನೇ ಮಗು ಕೇಳಲಿ. ಏನು ಕಡಿಮೆ ಮಾಡಬೇಕು ಅಂತ ಅದೇ ಹೇಳಲಿ. ಹೇಳಿದ್ದನ್ನು ದೊಡ್ಡವರೂ ಪಾಲಿಸಿ. ಬೀದಿಯಲ್ಲಿ ಕಸದ ಡಬ್ಬಿಯೇ ಇಲ್ಲದಿದ್ದರೆ, ಡಬ್ಬಿ ಇಡಿಸಲು ಯಾರಿಗೆ ಬರೆಯಬೇಕು ಅಂತ ಮಗುವಿನ ಜೊತೆ ಕೂತು ಹುಡುಕಿ. ಪತ್ರದ ಕೆಳಗೆ ಮಗುವೂ ಸಹಿ ಹಾಕಲಿ.