ಚೀಟಿಯಲ್ಲಿರುವ 36 ಯಾವ ಹಲ್ಲು?

ಬಾಯಲ್ಲಿರುವುದೇ 32 ಹಲ್ಲು. ದಾವಣಗೆರೆಯ ದಂತ ಕಾಲೇಜಿನ ಒಪಿಡಿ ಚೀಟಿಯಲ್ಲಿ ಮಾತ್ರ ‘36 ಡೀಪ್ ಕೇರೀಸ್, ಆರ್‌ಸಿಟಿ, ಕ್ರೌನ್’ ಎಂದಿರುತ್ತದೆ. ಅದನ್ನು ಮೂರು-ಆರು ಎಂದು ಬಿಡಿಸಿ ಓದಬೇಕು. ಮೊದಲ ಅಂಕಿ ಬಾಯಿಯ ಕಾಲುಭಾಗ: ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಎಡ-ಬಲ ರೋಗಿಯದು, ಎದುರು ನಿಂತ ಡಾಕ್ಟರದಲ್ಲ. ಎರಡನೇ ಅಂಕಿ, ನಟ್ಟನಡುವಿನಿಂದ ಹಿಂದಕ್ಕೆ ಎಣಿಸಿದರೆ ಎಷ್ಟನೇ ಹಲ್ಲು ಎಂಬುದು. ಹಾಲುಹಲ್ಲಾದರೆ ಮೊದಲ ಅಂಕಿ 5ರಿಂದ 8ರೊಳಗಿರುತ್ತದೆ.

ಅಂದರೆ 36 ಎಡ ಕೆಳಗಿನ ಮೊದಲ ದೊಡ್ಡ ದವಡೆಹಲ್ಲು. ಆರರ ವಯಸ್ಸಿನ ಆಸುಪಾಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಎಲ್ಲಕ್ಕಿಂತ ಹಿಂದೆ ಹುಟ್ಟುತ್ತದೆ. ‘ಹೆಂಗಿದ್ರೂ ಬೀಳೋ ಹಲ್ಲು’ ಎಂದು ಮನೆಯವರು ಬಿಟ್ಟುಬಿಡುವುದು ಇದನ್ನೇ. ಇದು ಹೋದರೆ ಇನ್ನೊಂದು ಬರುವುದಿಲ್ಲ.

ಕೇರೀಸ್ ಎಂದರೆ ಹುಳುಕು. ಡೀಪ್ ಎಂದಿದ್ದರೆ ಅದು ನರದ ಹತ್ತಿರ ಇಳಿದಿದೆ. ತಣ್ಣೀರು ತಾಗಿದ ಜುಮ್ಮು ಕ್ಷಣದಲ್ಲಿ ಹೋದರೆ ಫಿಲ್ಲಿಂಗ್ ಸಾಕಾಗಬಹುದು. ತುಂಬಾ ಹೊತ್ತು ಉಳಿದರೆ, ರಾತ್ರಿ ತಾನಾಗಿಯೇ ಸಿಡಿದರೆ, ನರ ಚೇತರಿಸಿಕೊಳ್ಳುವ ಹಂತ ದಾಟಿರುವುದೇ ಹೆಚ್ಚು. ಆಗ ಆರ್‌ಸಿಟಿ, ಅಂದರೆ ರೂಟ್ ಕೆನಾಲ್ ಚಿಕಿತ್ಸೆ: ಅಗಿಯುವ ಮೇಲ್ಮೈಯಿಂದ ರಂಧ್ರ ಕೊರೆದು, ಬೇರಿನ ಉದ್ದ ಅಳೆದು, ಸಣ್ಣ ಫೈಲ್‌ಗಳಿಂದ ಬೇರಿನೊಳಗಿನ ಕಾಲುವೆ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆದು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಈ ಹಲ್ಲಿಗೆ ಸಾಮಾನ್ಯವಾಗಿ ಮೂರು ಕಾಲುವೆ, ಕೆಲವರಿಗೆ ನಾಲ್ಕು. ಒಂದು ಕಣ್ತಪ್ಪಿದರೂ ಬೇರಿನ ತುದಿಯಲ್ಲಿ ಮತ್ತೆ ಕೀವಾಗಬಹುದು.

ಕ್ರೌನ್ ಎಂದರೆ ನಮ್ಮ ಮಾತಿನ ಕ್ಯಾಪ್. ನೋವು ನಿಂತ ಮೇಲೆ ಬಹಳ ಜನ ಇದಕ್ಕೆ ಬರುವುದೇ ಇಲ್ಲ. ಒಳಗೆ ಪೊಳ್ಳಾದ ದವಡೆಹಲ್ಲಿಗೆ ಮಂಡಕ್ಕಿಯಲ್ಲಿ ಸಿಕ್ಕ ಒಂದು ಕಲ್ಲು ಸಾಕು. ಬಿರುಕು ಬೇರಿನವರೆಗೆ ಇಳಿದರೆ ಸಾಮಾನ್ಯವಾಗಿ ಕೀಳುವುದೇ ದಾರಿ. ಅಲ್ಲಿಗೆ ಆರ್‌ಸಿಟಿಯ ದುಡ್ಡೂ ನೀರುಪಾಲು.

ಚಿತ್ರದುರ್ಗ, ಜಗಳೂರು ಕಡೆಯವರ ಚೀಟಿಯಲ್ಲಿ ಕಾಣುವ ಇನ್ನೊಂದು ಪದ ಫ್ಲೋರೋಸಿಸ್. ಇದು ಹುಳುಕಲ್ಲ. ಎಳವೆಯಲ್ಲಿ ಎನಾಮಲ್ ಕಟ್ಟುವಾಗ ಬೋರ್‌ವೆಲ್ ನೀರಿನ ಹೆಚ್ಚಿನ ಫ್ಲೋರೈಡ್ ಸೇರಿ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ನ ಮಿತಿ ಲೀಟರಿಗೆ 1 ಮಿಲಿಗ್ರಾಂ, ನೀರಿಗೆ ಬೇರೆ ಮೂಲವೇ ಇಲ್ಲದಾಗ 1.5. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆರ್‌ಒ ಘಟಕದ ನೀರು ವಾಸಿ. ಈ ಕಲೆ ಸ್ಕೇಲಿಂಗ್‌ಗೂ ಬಗ್ಗುವುದಿಲ್ಲ, ಏಕೆಂದರೆ ಸ್ಕೇಲಿಂಗ್ ತೆಗೆಯುವುದು ಹಲ್ಲಿನ ಮೇಲೆ ಕಟ್ಟಿದ ಕಿಟ್ಟವನ್ನು. ತೆಳು ಕಲೆಗೆ ಮೈಕ್ರೊಅಬ್ರೇಷನ್ (ಎನಾಮಲ್‌ನ ಮೇಲ್ಪದರವನ್ನು ತುಸು ಉಜ್ಜಿ ತೆಗೆಯುವುದು), ಬ್ಲೀಚಿಂಗ್. ಗುಳಿ ಬಿದ್ದಿದ್ದರೆ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಥವಾ ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ).